ಗುಡಿಸಲು ಕಿತ್ತರೆ ಏನೇನು ಹೋಗುತ್ತದೆ?

ಪುನರ್ವಸು ಮಳೆ ಹಿಡಿಯಿತೆಂದರೆ ಸಕಲೇಶಪುರದ ಕಡೆ ಸೂರ್ಯನ ಮುಖ ನೋಡಲು ಎಷ್ಟೋ ದಿನ ಕಾಯಬೇಕು. ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಸ್ಕೂಲ್ ಯೂನಿಫಾರಂ ಹೊಗೆವಾಸನೆ ಹಿಡಿದು ಒಣಗುತ್ತದೆ. ಅಜ್ಜಿ ಕೆಂಡದಲ್ಲಿ ಹಲಸಿನ ಬೀಜ ಸುಟ್ಟು ಕೊಡುತ್ತಾರೆ. ಹೆಂಚಿನ ಮೇಲೆ ಮಳೆ ಸುರಿಯುವ ಸದ್ದು ಕೇಳುತ್ತಾ ಕಂಬಳಿಯೊಳಗೆ ಮುದುಡಿ ಮಲಗುವ ಸುಖ ಮಲೆನಾಡಿನ ಮಕ್ಕಳಿಗೆ ಚೆನ್ನಾಗಿ ಗೊತ್ತು.

ಅದೇ ಮಳೆ ಟಾರ್ಪಾಲಿನ ಮೇಲೆ ಬಿದ್ದರೆ ಸದ್ದೇ ಬೇರೆ. ಆ ಸದ್ದಿನಲ್ಲಿ ನಿದ್ದೆ ಬರುವುದು ಕಷ್ಟ.

ಹಾಸನದಿಂದ ಹೊರಟು ಆಲೂರು, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವ ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತವರು ನೀಲಿ ಟಾರ್ಪಾಲಿನ ಆ ಗೂಡುಗಳನ್ನು ನೋಡಿಯೇ ಇರುತ್ತೀರಿ. ಅವುಗಳಲ್ಲಿ ಇರುವವರು ರಸ್ತೆ ಕೆಲಸಕ್ಕೆ ಬಂದವರು, ಕಾಫಿ ಕೊಯ್ಲಿಗೆ ಬಂದವರು, ಸಂತೆಯಿಂದ ಸಂತೆಗೆ ತಿರುಗಿ ಪಿನ್ನು, ಬಳೆ, ಬಾಚಣಿಗೆ ಮಾರುವವರು. ಒಂದು ದಿನ ಅದೇ ದಾರಿಯಲ್ಲಿ ಹೋದಾಗ ಜಾಗ ಖಾಲಿ ಇರುತ್ತದೆ. ಮೂರು ಕಲ್ಲಿನ ಒಲೆ, ಅದರ ಮಸಿ ಮಾತ್ರ ಉಳಿದಿರುತ್ತದೆ. “ಅವರೆಲ್ಲ ಎಲ್ಲಿ ಹೋದರು ಅಜ್ಜ?” ಎಂದು ಮೊಮ್ಮಗು ಕೇಳಿದರೆ ಅಜ್ಜನಿಗೂ ಉತ್ತರ ತೋಚುವುದಿಲ್ಲ. ಕೆಲವರು ಕೆಲಸ ಮುಗಿದು ಹೋಗಿರುತ್ತಾರೆ. ಕೆಲವರನ್ನು ಎಬ್ಬಿಸಿ ಕಳಿಸಿರುತ್ತಾರೆ.

ಹೀಗೆ ಎಬ್ಬಿಸುವುದಕ್ಕೆ ಪತ್ರಿಕೆಗಳು ‘ತೆರವು’ ಎನ್ನುತ್ತವೆ. ನಮ್ಮ ಹಳ್ಳಿಯ ಮಾತಿನಲ್ಲಿ ಇದಕ್ಕೆ ಇನ್ನೂ ಹಳೆಯ ಹೆಸರಿದೆ: ಒಕ್ಕಲೆಬ್ಬಿಸುವುದು. ಒಕ್ಕಲು ಎಂದರೆ ಬರೀ ಸೂರಲ್ಲ. “ಆ ಊರಲ್ಲಿ ಇಪ್ಪತ್ತು ಒಕ್ಕಲು” ಎಂದಾಗ ನಮ್ಮ ಹಿರಿಯರು ಲೆಕ್ಕ ಹಾಕುತ್ತಿದ್ದದ್ದು ಗೋಡೆಗಳನ್ನಲ್ಲ, ಒಲೆ ಹಚ್ಚಿ ಬದುಕುವ ಸಂಸಾರಗಳನ್ನು. ಹಾಗಾದರೆ ಒಂದು ಒಕ್ಕಲನ್ನು ಎಬ್ಬಿಸಿದಾಗ ನಿಜವಾಗಿ ಏನೇನು ಹೋಗುತ್ತದೆ? ಈ ವಾರ ಅದನ್ನು ಒಟ್ಟಿಗೆ ಕೂತು ಲೆಕ್ಕ ಹಾಕೋಣ.

ಅರ್ಧ ಗಂಟೆ, ಒಂದು ಚೀಲ

ಮಕ್ಕಳೇ, ಮೊದಲು ಒಂದು ಆಟ. ನಿಮ್ಮ ಮನೆ ಖಾಲಿ ಮಾಡಲು ಅರ್ಧ ಗಂಟೆ ಸಮಯ ಇದೆ ಎಂದುಕೊಳ್ಳಿ. ಕೈಯಲ್ಲಿ ಒಂದೇ ಗೋಣಿಚೀಲ. ಏನನ್ನು ತುಂಬುತ್ತೀರಿ?

ಅಮ್ಮ ಪಾತ್ರೆ, ಅಕ್ಕಿ ಎನ್ನುತ್ತಾರೆ. ಅಪ್ಪ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಎನ್ನುತ್ತಾರೆ. ನೀವು ಸ್ಕೂಲ್ ಬ್ಯಾಗು ಎನ್ನುತ್ತೀರಿ. ಅಜ್ಜನಿಗೆ ಬಿ.ಪಿ. ಮಾತ್ರೆ ಬೇಕು. ಅಜ್ಜಿಗೆ ದೇವರ ಪಟ, ತವರಿಂದ ತಂದ ಹಿತ್ತಾಳೆ ತಂಬಿಗೆ ಬೇಕು. ಕೋಳಿಗಳನ್ನು ಯಾರು ಹಿಡಿಯಬೇಕು? ಬೆಕ್ಕು ಎಲ್ಲಿ? ಅಷ್ಟರಲ್ಲಿ ಚೀಲ ತುಂಬಿ ಹೋಗಿರುತ್ತದೆ.

ಆಟವಾದ್ದರಿಂದ ನಗಬಹುದು. ನಮ್ಮ ನಾಡಿನಲ್ಲಿ ಇದನ್ನು ನಿಜವಾಗಿ ಎದುರಿಸಿದವರು ಸಾವಿರಾರು ಮಂದಿ ಇದ್ದಾರೆ.

ನೀರಿನ ಕೆಳಗಿನ ಊರು

ಒಕ್ಕಲೇಳುವುದು ಎಂದರೇನೆಂದು ಆಲೂರು ಸೀಮೆಯ ಅಜ್ಜ ಅಜ್ಜಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ ಸಕಲೇಶಪುರ ಪಟ್ಟಣವನ್ನು ಹಾದು ಬರುವ ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದರು. 1979ರಲ್ಲಿ ಅದು ಮುಗಿಯಿತು. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗದ್ದೆಗಳಿಗೆ ನೀರು ಹರಿಯಿತು. ತುಮಕೂರಿನ ಜನ ಇಂದಿಗೂ ಕುಡಿಯುವುದು ಹೇಮಾವತಿಯ ನೀರನ್ನೇ. ಇದು ಸಣ್ಣ ಉಪಕಾರವಲ್ಲ.

ಆದರೆ ಆ ನೀರು ನಿಂತಿರುವುದು ಯಾರದೋ ಅಂಗಳದ ಮೇಲೆ. ಹಿನ್ನೀರಿನ ಕೆಳಗೆ ಮನೆ, ಗದ್ದೆ, ಕಣ, ಗುಡಿ, ಸ್ಮಶಾನ ಎಲ್ಲವೂ ಹೋದವು. ಶೆಟ್ಟಿಹಳ್ಳಿಯ ಚರ್ಚನ್ನು ನೀವು ಶಾಲೆಯ ಪ್ರವಾಸದಲ್ಲಿ ನೋಡಿರಬಹುದು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ನೆಲ ಬಿಟ್ಟು ಮೇಲೇಳುತ್ತದೆ. ನಾವು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ. ಅದರ ಸುತ್ತ ಒಂದು ಊರಿತ್ತು, ಭಾನುವಾರ ಅಲ್ಲಿ ಜನ ಸೇರುತ್ತಿದ್ದರು ಎಂಬುದು ಫೋಟೋದಲ್ಲಿ ಕಾಣುವುದಿಲ್ಲ.

ಜಮೀನು ಕಳೆದುಕೊಂಡವರಿಗೆ ಬದಲಿ ಜಮೀನು ಕೊಡುವುದೆಂದು ಸರ್ಕಾರ ತೀರ್ಮಾನಿಸಿತು. ನಮ್ಮ ಕಡೆ ಇದಕ್ಕೆ ‘ಎಚ್‌ಆರ್‌ಪಿ ಜಮೀನು’ ಎನ್ನುತ್ತಾರೆ. ಕೆಲವರಿಗೆ ಸಿಕ್ಕಿತು, ಕೆಲವರು ಕಚೇರಿಯಿಂದ ಕಚೇರಿಗೆ ಅಲೆದರು. ಅಣೆಕಟ್ಟು ಮುಗಿದು ನಾಲ್ಕು ದಶಕ ಕಳೆದ ಮೇಲೂ ಆ ಜಮೀನಿನ ತಕರಾರುಗಳು, ಸಂತ್ರಸ್ತರಲ್ಲದವರಿಗೆ ಮಂಜೂರಾಗಿದೆ ಎಂಬ ದೂರುಗಳು, ಅದರ ತನಿಖೆಗಳು ಜಿಲ್ಲೆಯಲ್ಲಿ ನಿಂತಿಲ್ಲ. ಒಕ್ಕಲೆಬ್ಬಿಸುವ ಕೆಲಸ ಒಂದೇ ಮಳೆಗಾಲದಲ್ಲಿ ಮುಗಿಯಬಹುದು. ಮತ್ತೆ ಒಕ್ಕಲು ಹೂಡುವ ಕೆಲಸ ಮೊಮ್ಮಕ್ಕಳ ಕಾಲಕ್ಕೂ ಮುಗಿಯದೆ ಉಳಿಯಬಹುದು.

ಹೇಮಾವತಿಯ ಸಂತ್ರಸ್ತರ ಕೈಯಲ್ಲಿ ಒಂದು ಪಹಣಿಯಾದರೂ ಇತ್ತು. “ಇದು ನಮ್ಮದಾಗಿತ್ತು” ಎಂದು ತೋರಿಸಲು ಕಾಗದವಿತ್ತು. ಪಹಣಿಯೇ ಇಲ್ಲದವರ ಕಥೆ ಏನು?

ಕೆಲಸ ಇದ್ದರಷ್ಟೇ ಮನೆ

ಕಾಫಿ ಸೀಮೆಯ ಮಕ್ಕಳಿಗೆ ಲೈನ್ ಮನೆ ಎಂದರೆ ಗೊತ್ತು. ತೋಟದ ಕೂಲಿಗಳಿಗಾಗಿ ಮಾಲೀಕರು ಕಟ್ಟಿಸಿದ, ಒಂದಕ್ಕೊಂದು ಅಂಟಿಕೊಂಡ ಸಾಲು ಮನೆಗಳು ಅವು. ಸಕಲೇಶಪುರದಲ್ಲೂ ಇವೆ, ಚಿಕ್ಕಮಗಳೂರಲ್ಲೂ ಇವೆ, ಕೊಡಗಿನಲ್ಲೂ ಇವೆ. ಎಷ್ಟೋ ಮಾಲೀಕರು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೂ ಅದು ತೋಟದ ಮನೆ, ಕೂಲಿಯವರ ಮನೆಯಲ್ಲ. ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ಮೈಯಲ್ಲಿ ಕಸುವು ಇರುವ ತನಕ ಚಿಂತೆಯಿಲ್ಲ. ಅಪ್ಪನ ಕಾಲು ಮುರಿದರೆ, ಅಮ್ಮನಿಗೆ ವಯಸ್ಸಾದರೆ, ಹೋಗುವುದೆಲ್ಲಿಗೆ?

ಈ ಪ್ರಶ್ನೆ ಇಡೀ ನಾಡಿಗೆ ಕೇಳಿಸಿದ್ದು ನಮ್ಮ ಪಕ್ಕದ ಕೊಡಗಿನಿಂದ.

ದಿಡ್ಡಳ್ಳಿಯ ಡಿಸೆಂಬರ್

ಸಕಲೇಶಪುರದ ಬಿಸಿಲೆ ಘಾಟಿಯಿಂದ ಕಾಣುವ ಪುಷ್ಪಗಿರಿಯ ಬೆಟ್ಟಸಾಲಿನ ಆಚೆ ಕೊಡಗು. ಅದರ ದಕ್ಷಿಣದಲ್ಲಿ, ಸಿದ್ದಾಪುರದ ಕಡೆ, ಕಾಡಿನಂಚಿನ ಜಾಗ ದಿಡ್ಡಳ್ಳಿ. ಯರವ, ಜೇನುಕುರುಬ ಮುಂತಾದ ಆದಿವಾಸಿ ಕುಟುಂಬಗಳು ಅಲ್ಲಿ ಗುಡಿಸಲು ಹಾಕಿಕೊಂಡಿದ್ದವು. ಅವರಲ್ಲಿ ಬಹಳಷ್ಟು ಜನ ತೋಟಗಳ ಲೈನ್ ಮನೆಗಳಲ್ಲಿ ತಲೆಮಾರುಗಳನ್ನು ಕಳೆದವರು. ಸ್ವಂತದ್ದು ಎನ್ನಲು ಒಂದು ಅಡಿ ನೆಲವಿರಲಿಲ್ಲ.

2016ರ ಡಿಸೆಂಬರ್ 7ರಂದು ಅರಣ್ಯ ಇಲಾಖೆ ಪೊಲೀಸರೊಂದಿಗೆ ಬಂದು ಆ ಗುಡಿಸಲುಗಳನ್ನು ಕೆಡವಿತು. ಬೀದಿಗೆ ಬಿದ್ದದ್ದು 577 ಕುಟುಂಬಗಳು.

ಇಲಾಖೆಗೂ ಅದರದೇ ಮಾತಿತ್ತು. ಇದು ಮೀಸಲು ಅರಣ್ಯ, ಆನೆಗಳು ಓಡಾಡುವ ಜಾಗ, ಈ ಗುಡಿಸಲುಗಳು ಹೊಸ ಒತ್ತುವರಿ ಎಂದು ಅಧಿಕಾರಿಗಳು ಹೇಳಿದರು. ಆಲೂರು, ಸಕಲೇಶಪುರದ ನಮಗೆ ಈ ಮಾತು ಅರ್ಥವಾಗುತ್ತದೆ. ಆನೆ ಬಂದ ರಾತ್ರಿ ಹೆಂಚಿನ ಮನೆಯೊಳಗೂ ಎದೆ ಡವಗುಟ್ಟುವುದು ನಮಗೆ ಗೊತ್ತು. ಆದಿವಾಸಿಗಳು ಹೇಳಿದ್ದು ಬೇರೆ: ನಮ್ಮ ಹಿರಿಯರು ಈ ಕಾಡಿನವರು, ಕಾಡಿನಿಂದ ತೋಟಕ್ಕೆ ಹೋದೆವು, ಈಗ ತೋಟವನ್ನೂ ಬಿಟ್ಟು ಬಂದರೆ ನಿಲ್ಲಲು ಜಾಗವಿಲ್ಲ.

ಕಾಡಿನವರ ಹಕ್ಕಿನ ಬಗ್ಗೆ ನಮ್ಮ ದೇಶದಲ್ಲಿ 2006ರಲ್ಲೇ ಒಂದು ಕಾನೂನು ಬಂದಿದೆ. ಕಾಡಿನಲ್ಲಿ ಬಾಳಿದವರು ಹಕ್ಕು ಕೇಳಿದರೆ ಅದನ್ನು ಪರಿಶೀಲಿಸಿ ಮುಗಿಸುವವರೆಗೆ ಅವರನ್ನು ಎಬ್ಬಿಸುವಂತಿಲ್ಲ ಎನ್ನುತ್ತದೆ ಅದು. ದಿಡ್ಡಳ್ಳಿಯವರಿಗೆ ಆ ಹಕ್ಕು ಇದೆಯೋ ಇಲ್ಲವೋ ಎಂಬ ವಾದ ನಡೆಯುತ್ತಲೇ ಇತ್ತು. ಅಷ್ಟರಲ್ಲಿ ಗುಡಿಸಲು ನೆಲಕ್ಕೆ ಬಿದ್ದಾಗಿತ್ತು.

ಕೊಡಗಿನ ಡಿಸೆಂಬರ್ ಚಳಿ ಎಂಥದ್ದೆಂದು ನಮಗೆ ಹೇಳಬೇಕೆ? ಕಾಫಿ ಕೊಯ್ಲಿನ ಕಾಲ ಬೇರೆ. ಅಮ್ಮಂದಿರು ಕೂಲಿಗೆ ಹೋಗುವುದೋ, ಹರಿದ ಟಾರ್ಪಾಲಿನಡಿ ಉಳಿದ ಸಾಮಾನು ಕಾಯುವುದೋ? ಮಕ್ಕಳು ಶಾಲೆಗೆ ಹೋಗುವುದೋ, ತಂಗಿ ತಮ್ಮಂದಿರನ್ನು ಎತ್ತಿಕೊಳ್ಳುವುದೋ? ಅವರು ಅಲ್ಲಿಂದ ಕದಲಲಿಲ್ಲ. ಕೆಡವಿದ ಜಾಗದಲ್ಲೇ ಕುಳಿತರು. ಸುದ್ದಿ ಕೇಳಿ ನಾಡಿನ ಎಲ್ಲೆಡೆಯಿಂದ ಜನ ಬಂದರು. ಆಗ 98ರ ವಯಸ್ಸಿನಲ್ಲಿದ್ದ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರೂ ಅವರ ಪರ ದನಿ ಎತ್ತಿದರು. ಬ್ರಿಟಿಷರ ಕಾಲದಲ್ಲಿ ಜೈಲು ಕಂಡ ಹಿರಿಯರು ಮೊಮ್ಮಕ್ಕಳ ಮಕ್ಕಳಂಥವರ ಸೂರಿಗಾಗಿ ಮತ್ತೆ ಬೀದಿಗೆ ಬಂದದ್ದು ನೆನಪಿಡಬೇಕಾದ ಸಂಗತಿ.

ತಿಂಗಳುಗಳ ಹೋರಾಟದ ನಂತರ, 2017ರಲ್ಲಿ ಸರ್ಕಾರ ಕುಶಾಲನಗರದ ಸಮೀಪದ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ಪುನರ್ವಸತಿಗೆ ಜಾಗ ಕೊಟ್ಟಿತು. ಮನೆಗಳು ಏಳುವವರೆಗೆ ಅಲ್ಲಿಯೂ ಕೆಲಕಾಲ ಶೆಡ್ಡುಗಳ ವಾಸವೇ. ಕೊನೆಗೆ ಪಕ್ಕಾ ಮನೆಗಳಾದವು. ಇದು ಸಮಾಧಾನದ ವಿಷಯ. ಆದರೆ ಗೊತ್ತಿದ್ದ ತೋಟ, ಗೊತ್ತಿದ್ದ ಕಾಡು ಹಿಂದೆ ಉಳಿದವು. ಹೊಸ ಊರಿನಲ್ಲಿ ಕೂಲಿ, ಶಾಲೆ, ಆಸ್ಪತ್ರೆ, ಸಾಲ ಕೊಡುವ ಅಂಗಡಿ ಎಲ್ಲವನ್ನೂ ಮೊದಲಿನಿಂದ ಹುಡುಕಬೇಕಾಯಿತು.

ಇಲ್ಲಿ ಒಂದು ಸರಳ ಪ್ರಶ್ನೆ ಏಳುತ್ತದೆ. ಜಾಗವನ್ನು 2017ರಲ್ಲಿ ಕೊಡಲು ಸಾಧ್ಯವಾಯಿತು ಎಂದಾದರೆ, ಅದನ್ನು ಮೊದಲೇ ಕೊಟ್ಟು ಆಮೇಲೆ ಗುಡಿಸಲು ತೆಗೆಯಬಹುದಿತ್ತಲ್ಲವೇ? ಆ ಚಳಿಗಾಲವನ್ನು ಮಕ್ಕಳು ಬಯಲಲ್ಲಿ ಕಳೆಯುವ ಅಗತ್ಯ ಇತ್ತೇ?

ಲೆಕ್ಕಕ್ಕೆ ಬಾರದ ನಷ್ಟ

ಗುಡಿಸಲು ತೆರವಾದಾಗ ಬರೆಯುವ ಲೆಕ್ಕದಲ್ಲಿ ಗುಡಿಸಲುಗಳ ಸಂಖ್ಯೆ ಇರುತ್ತದೆ. ನಾವು ಉಳಿದದ್ದನ್ನು ಎಣಿಸೋಣ.

ಮೊದಲನೆಯದು ಕಾಗದ. ಟಾರ್ಪಾಲಿನಡಿ ಬಾಳುವವರು ಆಧಾರ್, ರೇಷನ್ ಕಾರ್ಡ್, ಮಗುವಿನ ಜನನ ಪ್ರಮಾಣಪತ್ರ, ತಾಯಿ ಕಾರ್ಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿರುತ್ತಾರೆ. ಮಣ್ಣು ಅಗೆಯುವ ಯಂತ್ರಕ್ಕೆ ಅದು ಕಾಣುವುದಿಲ್ಲ. ಕಾಗದ ಹೋದರೆ ಅಕ್ಕಿ ನಿಲ್ಲುತ್ತದೆ, ಪಿಂಚಣಿ ನಿಲ್ಲುತ್ತದೆ. ಹೊಸ ಕಾಗದ ಮಾಡಿಸಲು ಹೋದರೆ ಮೊದಲು ಕೇಳುವ ಪ್ರಶ್ನೆ “ನಿಮ್ಮ ವಿಳಾಸ?” ಎಂಬುದು. ಈಗ ತಾನೇ ಅದನ್ನು ಕಿತ್ತುಹಾಕಿದ್ದಾರೆ!

ಎರಡನೆಯದು ಕೂಲಿ. ಜನ ಗುಡಿಸಲು ಹಾಕುವುದು ಕೆಲಸ ಇರುವ ಕಡೆ. ದೂರ ಕಳಿಸಿದರೆ ಬಸ್ ಚಾರ್ಜಿಗೇ ಕೂಲಿಯ ಒಂದು ಪಾಲು ಹೋಗುತ್ತದೆ.

ಮೂರನೆಯದು ಶಾಲೆ. ನಾಲ್ಕನೇ ತರಗತಿಯ ಹುಡುಗಿ ಜೂನ್‌ನಲ್ಲಿ ಒಂದು ಶಾಲೆ, ನವೆಂಬರ್‌ನಲ್ಲಿ ಇನ್ನೊಂದು ಶಾಲೆ ಎಂದಾದರೆ ಭಾಗಾಕಾರದ ಪಾಠ ಎರಡೂ ಕಡೆ ತಪ್ಪಿಹೋಗಿರುತ್ತದೆ. ಎರಡು ಮೂರು ಸಲ ಹೀಗಾದರೆ ಅವಳು ಶಾಲೆಗೆ ಹೋಗುವುದನ್ನೇ ನಿಲ್ಲಿಸುತ್ತಾಳೆ. ಅದು ಸೋಮಾರಿತನವಲ್ಲ, ನಾಚಿಕೆ.

ನಾಲ್ಕನೆಯದು ಔಷಧಿ. ಕ್ಷಯದ ಮಾತ್ರೆ ತಿಂಗಳುಗಟ್ಟಲೆ ತಪ್ಪದೆ ನುಂಗಬೇಕು. ನಡುವೆ ನಿಂತರೆ ರೋಗ ಇನ್ನೂ ಗಟ್ಟಿಯಾಗುತ್ತದೆ. ಗರ್ಭಿಣಿಯನ್ನು ವಿಚಾರಿಸುತ್ತಿದ್ದ ಆಶಾ ಕಾರ್ಯಕರ್ತೆಗೆ ಆಕೆ ಎಲ್ಲಿ ಹೋದಳೆಂದೇ ತಿಳಿಯುವುದಿಲ್ಲ.

ಕೊನೆಯದು ನೆರೆಹೊರೆ. ಅಮ್ಮ ಕೂಲಿಗೆ ಹೋದಾಗ ಮಗುವನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಅಜ್ಜಿ, ಕೈ ಬರಿದಾದಾಗ ಸಾಲಕ್ಕೆ ಸಕ್ಕರೆ ಕೊಡುತ್ತಿದ್ದ ಅಂಗಡಿಯವರು, ಜ್ವರ ಬಂದಾಗ ಆಟೋ ಕರೆತರುತ್ತಿದ್ದ ಹುಡುಗ. ಬಡವರಿಗೆ ಇದೇ ಬ್ಯಾಂಕು, ಇದೇ ವಿಮೆ. ಇದಕ್ಕೆ ಪರಿಹಾರದ ಚೆಕ್ ಯಾರೂ ಬರೆಯುವುದಿಲ್ಲ.

ಬೆಂಗಳೂರಿನಲ್ಲಿ, ಮುಂಬೈಯಲ್ಲಿ

ಪೇಟೆಯಲ್ಲೂ ಕಥೆ ಹೀಗೇ ಇದೆ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಶೆಡ್ಡುಗಳನ್ನು ಕೆಡವಲಾಯಿತು. ಅವರು ಪರದೇಶದಿಂದ ಅಕ್ರಮವಾಗಿ ಬಂದವರು ಎಂಬ ಮಾತು ಹಬ್ಬಿತ್ತು. ವಿಚಾರಿಸಿ ನೋಡಿದರೆ ಅಸ್ಸಾಂ, ತ್ರಿಪುರಾದವರ ಜೊತೆಗೆ ನಮ್ಮದೇ ಉತ್ತರ ಕರ್ನಾಟಕದಿಂದ ದುಡಿಯಲು ಬಂದವರೂ ಅಲ್ಲಿದ್ದರು. ಆಧಾರ್, ಮತದಾರರ ಚೀಟಿ ಹಿಡಿದು ಬೀದಿಯಲ್ಲಿ ನಿಂತರು. ವಿಷಯ ಕರ್ನಾಟಕ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ಈ ಕ್ರಮ ಮೇಲ್ನೋಟಕ್ಕೆ ಕಾನೂನಿಗೆ ವಿರುದ್ಧವಾಗಿದೆ ಎಂದು ಕಂಡು, ಅಲ್ಲಿದ್ದವರ ಪುನರ್ವಸತಿಯ ಹೊಣೆಯನ್ನು ಸರ್ಕಾರಕ್ಕೆ ನೆನಪಿಸಿತು. ಅದೇ ವರ್ಷದ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. “ಎಲ್ಲರೂ ಮನೆಯಲ್ಲೇ ಇರಿ” ಎಂದು ಟಿ.ವಿ. ಹೇಳುತ್ತಿದ್ದಾಗ ಮನೆ ಇಲ್ಲದವರು ಏನು ಮಾಡಿರಬೇಕು?

ಇದಕ್ಕೂ ಹಳೆಯದು ಮುಂಬೈಯ ಮೊಕದ್ದಮೆ. 1981ರ ಜುಲೈನಲ್ಲಿ, ಸುರಿಯುವ ಮಳೆಗಾಲದಲ್ಲಿ, ಫುಟ್‌ಪಾತಿನ ಗುಡಿಸಲುಗಳನ್ನು ತೆಗೆಸಲು ಅಲ್ಲಿನ ಸರ್ಕಾರ ಹೊರಟಿತು. ತಮಿಳುನಾಡಿನ ಸೇಲಂ ಕಡೆಯಿಂದ ಬಂದಿದ್ದ ಒಬ್ಬ ಕೂಲಿಕಾರನ ಗುಡಿಸಲು ಕಿತ್ತು, ಸಂಸಾರ ಸಮೇತ ಬಸ್ಸು ಹತ್ತಿಸಿ ಸೇಲಂಗೆ ಕಳಿಸಿದರು. ಹೆಂಡತಿ, ಹೆಣ್ಣುಮಕ್ಕಳು ಅಲ್ಲೇ ಉಳಿದರು. ಆತ ಮಾತ್ರ ಕೆಲಸ ಹುಡುಕಿಕೊಂಡು ಮತ್ತೆ ಮುಂಬೈಗೆ ಬಂದ, ಮತ್ತೆ ಫುಟ್‌ಪಾತಿನಲ್ಲೇ ಸೇರಿಕೊಂಡ. ತೆರವಿನಿಂದ ಗುಡಿಸಲು ಕಡಿಮೆಯಾಗಲಿಲ್ಲ. ಸಂಸಾರ ಎರಡು ಹೋಳಾಯಿತು, ಅಷ್ಟೇ.

ಆತನಂಥವರು ಮತ್ತು ಪತ್ರಕರ್ತೆ ಓಲ್ಗಾ ಟೆಲಿಸ್ ಸುಪ್ರೀಂ ಕೋರ್ಟಿಗೆ ಹೋದರು. 1985ರ ಜುಲೈ 10ರಂದು ತೀರ್ಪು ಬಂತು. ಜೀವಿಸುವ ಹಕ್ಕಿನಲ್ಲಿ ದುಡಿದು ತಿನ್ನುವ ಹಕ್ಕೂ ಸೇರಿದೆ ಎಂದು ನ್ಯಾಯಾಲಯ ಹೇಳಿತು. ಫುಟ್‌ಪಾತಿನಲ್ಲಿ ಶಾಶ್ವತವಾಗಿ ಇರುವ ಹಕ್ಕನ್ನು ಅದು ಕೊಡಲಿಲ್ಲ. ಆದರೆ ನೋಟಿಸ್ ಕೊಡಬೇಕು, ಅವರ ಮಾತು ಕೇಳಬೇಕು ಎಂದಿತು. ಇನ್ನೊಂದು ಮಾತನ್ನೂ ಸೇರಿಸಿತು: ಆ ವರ್ಷದ ಅಕ್ಟೋಬರ್ 31ರವರೆಗೆ, ಅಂದರೆ ಮಳೆಗಾಲ ಮುಗಿಯುವ ತನಕ, ಯಾರನ್ನೂ ಎಬ್ಬಿಸಬೇಡಿ.

ದೇಶದ ಅತಿ ದೊಡ್ಡ ನ್ಯಾಯಾಲಯ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಮಲೆನಾಡಿನವರಾದ ನಮಗೆ ಅದರ ಬೆಲೆ ಬೇಗ ಅರ್ಥವಾಗಬೇಕು.

ಹಾಗಾದರೆ ತೆರವೇ ಬೇಡವೇ?

ಕೆಲವೊಮ್ಮೆ ಬೇಕಾಗುತ್ತದೆ. ಆನೆ ದಾರಿಯಲ್ಲಿ, ಕುಸಿಯುವ ಗುಡ್ಡದ ಬುಡದಲ್ಲಿ, ಕೆರೆಯ ಕೋಡಿಯಲ್ಲಿ, ಹೆದ್ದಾರಿಯ ಅಂಚಿನಲ್ಲಿ ಸಂಸಾರಗಳು ಇರುವುದು ಅವರಿಗೇ ಅಪಾಯ. ಕಾಡು ಉಳಿಯಬೇಕು ಎಂಬುದೂ ಸರಿ. ಪ್ರಶ್ನೆ ಇರುವುದು ಕ್ರಮದಲ್ಲಿ. ಮೊದಲು ನೆಲೆ, ಆಮೇಲೆ ತೆರವು. ಮುಂಚಿತವಾಗಿ ತಿಳಿಸಬೇಕು. ಮಳೆ, ಚಳಿ, ಪರೀಕ್ಷೆಯ ಕಾಲ ನೋಡಬೇಕು. ಕೊಡುವ ಜಾಗ ಕೂಲಿಗೆ, ಶಾಲೆಗೆ ಹತ್ತಿರವಿರಬೇಕು. ಕಾಗದಪತ್ರಗಳನ್ನು ಎತ್ತಿಟ್ಟುಕೊಳ್ಳಲು ಸಮಯ ಕೊಡಬೇಕು. ಇವುಗಳಲ್ಲಿ ಆಗದ್ದು ಯಾವುದೂ ಇಲ್ಲ.

ಮಲೆನಾಡಿನಲ್ಲಿ ಗೃಹಪ್ರವೇಶಕ್ಕೆ ‘ಮನೆ ಒಕ್ಕಲು’ ಎನ್ನುವ ರೂಢಿಯಿದೆ. ಹೊಸ ಒಲೆಯಲ್ಲಿ ಹಾಲುಕ್ಕಿಸಿ, ನೆಂಟರನ್ನು ಕರೆದು ಊಟ ಹಾಕುತ್ತಾರೆ. ಒಂದು ಕಡೆಯಿಂದ ಒಕ್ಕಲೆಬ್ಬಿಸಿದವರು ಇನ್ನೊಂದು ಕಡೆ ಹಾಲುಕ್ಕಿಸುವುದನ್ನು ನೋಡಿದ ಮೇಲೆಯೇ ಅಧಿಕಾರಿಗಳ ಕಡತ ಮುಚ್ಚಬೇಕು.

ಮಕ್ಕಳೇ, ಇದು ನಿಮಗೆ ಗೊತ್ತಿರಲಿ

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಯಾವ ಮಗುವನ್ನೂ ಟಿ.ಸಿ. ತಡವಾಯಿತೆಂದೋ, ವಯಸ್ಸಿನ ದಾಖಲೆ ಇಲ್ಲವೆಂದೋ ಶಾಲೆಯಿಂದ ಹಿಂದೆ ಕಳಿಸುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ನಿಮ್ಮ ಊರ ಹತ್ತಿರ ಟಾರ್ಪಾಲ್ ಗುಡಿಸಲುಗಳು ಎದ್ದಿದ್ದು, ಅಲ್ಲಿ ನಿಮ್ಮ ವಯಸ್ಸಿನ ಮಕ್ಕಳು ಹಗಲಿಡೀ ಆಡುತ್ತಿದ್ದರೆ ನಿಮ್ಮ ಟೀಚರಿಗೆ ಹೇಳಿ. ಹೊಸದಾಗಿ ಬಂದವರು ಕನ್ನಡ ತಪ್ಪು ತಪ್ಪಾಗಿ ಮಾತಾಡಿದರೆ ನಗಬೇಡಿ. ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಮಾಡಿಕೊಡಿ.

ಇನ್ನೊಂದು ಕೆಲಸ ಇದೆ. ಈ ಭಾನುವಾರ ಅಜ್ಜಿಯನ್ನೋ ಅಜ್ಜನನ್ನೋ ಕೇಳಿ: “ನಮ್ಮ ಮನೆತನ ಮೊದಲು ಎಲ್ಲಿತ್ತು? ಅಲ್ಲಿಂದ ಯಾಕೆ ಬಂದಿರಿ?” ಅಣೆಕಟ್ಟೋ, ಬರಗಾಲವೋ, ಸಾಲವೋ, ಪ್ಲೇಗೋ, ಏನಾದರೊಂದು ಉತ್ತರ ಬರುತ್ತದೆ. ಯಾವುದೋ ಒಂದು ಕಾಲದಲ್ಲಿ ನಮ್ಮ ಹಿರಿಯರೂ ಒಂದು ಚೀಲ ಹೊತ್ತು ಗೊತ್ತಿಲ್ಲದ ಊರಿಗೆ ಬಂದು, ಯಾರದೋ ಜಗಲಿಯಲ್ಲಿ ರಾತ್ರಿ ಕಳೆದಿರುತ್ತಾರೆ. ಆ ಜಗಲಿ ಯಾರದಾಗಿತ್ತು ಎಂದು ಕೇಳಲು ಮರೆಯಬೇಡಿ.